ಎಂ.ಎಸ್ಸಿ ನರ್ಸಿಂಗ್: ಈಗಲೇ ಸೇರಲೇ, ತಡೆಯಲೇ?

ಪ್ರಶ್ನೆ: ಬಿ.ಎಸ್ಸಿ ನರ್ಸಿಂಗ್ ಮುಗಿಸಿದ್ದೇನೆ, 68% ಬಂದಿದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಏಳು ತಿಂಗಳಿಂದ ಡ್ಯೂಟಿ, ಸಂಬಳ 24,000. ಮದುವೆಗೆ ಮುಂಚೆಯೇ ಎಂ.ಎಸ್ಸಿ ಮುಗಿಸಿಬಿಡು ಅನ್ನುತ್ತಾರೆ ಮನೆಯಲ್ಲಿ. ವಾರ್ಡಿನ ಸೀನಿಯರ್‌ಗಳು ದಂಡ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗಿ, ವಿಜಯನಗರ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ, ನಿಯಮವೇ ನಿಮ್ಮನ್ನು ತಡೆಯುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಎಂ.ಎಸ್ಸಿಗೆ ಸೇರಲು ಬಿ.ಎಸ್ಸಿಯಲ್ಲಿ ಕನಿಷ್ಠ 55%, ನರ್ಸ್ ಮತ್ತು ಮಿಡ್‌ವೈಫ್ ನೋಂದಣಿ, ಬಿ.ಎಸ್ಸಿ ಆದ ಮೇಲೆ ಒಂದು ವರ್ಷದ ಕೆಲಸದ ಅನುಭವ ಬೇಕು. ನಿಮಗಿನ್ನೂ ಐದು ತಿಂಗಳು ಬಾಕಿ. ಆ ಐದು ತಿಂಗಳನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಮೊದಲು ಲೆಕ್ಕ. ಎರಡು ವರ್ಷ ಸಂಬಳ ಬಿಟ್ಟರೆ 24,000ದಂತೆ 5,76,000 ರೂಪಾಯಿ ಕೈತಪ್ಪುತ್ತದೆ. ಫೀಸು, ಹಾಸ್ಟೆಲ್ಲು, ಡಿಸರ್ಟೇಷನ್ (ಸಂಶೋಧನಾ ಪ್ರಬಂಧ) ಖರ್ಚು ಬೇರೆ. ಓದಿ ಬಂದು ಮತ್ತೆ ಬೆಡ್‌ಸೈಡ್ ಕೆಲಸಕ್ಕೇ ಸೇರಿ, ತಿಂಗಳಿಗೆ 6,000 ಜಾಸ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಬಿಟ್ಟ ಸಂಬಳ ತುಂಬಿಕೊಳ್ಳುವುದಕ್ಕೇ ಎಂಟು ವರ್ಷ ಬೇಕು. ನಿಮ್ಮ ಸೀನಿಯರ್‌ಗಳು ದಂಡ ಅನ್ನುವುದು ಈ ಲೆಕ್ಕ ನೋಡಿ. ವಾರ್ಡಿನ ಮಟ್ಟಿಗೆ ಅವರು ಹೇಳುವುದು ನಿಜ.

ಸರ್ಕಾರಿ ಕೆಲಸ ಕಣ್ಣಲ್ಲಿದ್ದರೂ ಹಾಗೆಯೇ. ನರ್ಸಿಂಗ್ ಆಫೀಸರ್ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ ಸಾಕು. ಆ ಹುದ್ದೆ ಕೇಂದ್ರ ವೇತನ ಶ್ರೇಣಿಯ ಲೆವೆಲ್ 7ರದ್ದು, ಮೂಲ ವೇತನ 44,900ರಿಂದ ಶುರು. ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ಅದೇ ಗುರಿಯಾದರೆ ಎರಡು ವರ್ಷವನ್ನು ಆ ಪರೀಕ್ಷೆಗೇ ಕೊಡಿ.

ಎಂ.ಎಸ್ಸಿ ಇಲ್ಲದೆ ತೆರೆಯದ ಬಾಗಿಲು ಎಂದರೆ ಪಾಠ ಮಾಡುವುದು. ನರ್ಸಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಯಿಂದ ಮೇಲಕ್ಕೆ ಆ ಪದವಿ ಕಡ್ಡಾಯ, ಜೊತೆಗೆ ಅನುಭವವೂ ಬೇಕು. ಕೋರ್ಸಿನ ರಚನೆಯೇ ಅದನ್ನು ಹೇಳುತ್ತದೆ: ಮೊದಲ ವರ್ಷ ನರ್ಸಿಂಗ್ ಶಿಕ್ಷಣ, ಸುಧಾರಿತ ನರ್ಸಿಂಗ್, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ, ನಿಮ್ಮ ವಿಶೇಷ ವಿಷಯ, ಎರಡನೇ ವರ್ಷ ನಿರ್ವಹಣೆ, ಮತ್ತೆ ವಿಶೇಷ ವಿಷಯ, ಡಿಸರ್ಟೇಷನ್. ಪಾಠ ಹೇಳುವುದು, ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆಯುವುದು ಬೇಸರವೆನಿಸುವವರಿಗೆ ಈ ಎರಡು ವರ್ಷ ಬಲು ಉದ್ದ.

ಐಸಿಯು ಬಿಟ್ಟಿರಲಾರೆ, ಆದರೆ ಓದಬೇಕು ಅನ್ನುವವರಿಗೆ ಬೇರೆ ದಾರಿಗಳಿವೆ. ಒಂದು, ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್: ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ, ಕಲಿಕೆಯ ಬಹುಪಾಲು ಐಸಿಯುನಲ್ಲೇ. ಇನ್ನೊಂದು, ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ಕ್ರಿಟಿಕಲ್ ಕೇರ್, ಆಂಕಾಲಜಿ, ನವಜಾತ ಶಿಶು ಹೀಗೆ ಹಲವು ವಿಷಯಗಳಲ್ಲಿದೆ. ಮನೋರೋಗ ನರ್ಸಿಂಗ್ ಒಲವಿದ್ದರೆ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇದೆ. ಅದಕ್ಕೆ ಪ್ರವೇಶ ಪ್ರಕ್ರಿಯೆ ಪ್ರತ್ಯೇಕ.

ಈಗ ಆ ಐದು ತಿಂಗಳು. ವಿಶೇಷ ವಿಷಯವನ್ನು ಕಾಲೇಜಿನಲ್ಲಿ ಉಳಿದ ಸೀಟು ನೋಡಿ ಆರಿಸುವವರೇ ಹೆಚ್ಚು, ಆಮೇಲೆ ಪರದಾಡುವವರೂ ಅವರೇ. ನಿಮ್ಮನ್ನು ನೀವು ಹೀಗೆ ಪರೀಕ್ಷಿಸಿಕೊಳ್ಳಿ. ರಾತ್ರಿ ಪಾಳಿಯಲ್ಲಿ ವೆಂಟಿಲೇಟರ್ ಹೈ ಪ್ರೆಷರ್ ಅಲಾರಂ ಹೊಡೆಯುತ್ತದೆ. ಕಫ ಕಟ್ಟಿದೆಯೋ, ಟ್ಯೂಬ್ ಮಡಚಿದೆಯೋ, ರೋಗಿ ಕಚ್ಚಿ ಹಿಡಿದಿದ್ದಾರೋ, ಸರ್ಕ್ಯೂಟಿನಲ್ಲಿ ನೀರು ನಿಂತಿದೆಯೋ, ಒಂದು ಕಡೆ ಉಸಿರಿನ ಸದ್ದೇ ಇಲ್ಲವೋ? ಅಲಾರಂ ಬಟನ್ ಒತ್ತಿ ಸುಮ್ಮನಾಗಿಸುವ ಬದಲು ರೋಗಿಯಿಂದ ಶುರುಮಾಡಿ ಯಂತ್ರದವರೆಗೆ ಕೈಯಾಡಿಸಿ ಕಾರಣ ಹುಡುಕುತ್ತೀರಾ? ಡಾಕ್ಟರಿಗೆ ಯಾವಾಗ ಫೋನ್ ಮಾಡಬೇಕು ಎನ್ನುವುದು ಗೊತ್ತೇ? ಇಷ್ಟು ಬಂದ ಮೇಲೆ ವಿದ್ಯಾರ್ಥಿಗಳಿಗೆ ಪಾಠ ಮಾಡಿದರೆ ಅದಕ್ಕೊಂದು ತೂಕ. ಬಂದಿಲ್ಲವಾದರೆ ಇನ್ನೊಂದು ವರ್ಷ ಅದೇ ವಾರ್ಡಿನಲ್ಲಿರಿ. ಎಂ.ಎಸ್ಸಿಗೆ ಮದುವೆ ಅಡ್ಡಿ ಅನ್ನುವುದೂ ಸುಳ್ಳು, ಮದುವೆಯಾದವರು ಬೇಕಾದಷ್ಟು ಜನ ಓದುತ್ತಿದ್ದಾರೆ.

ಕೆಲಸ ಬಿಡುವಾಗ ಎಡವುವುದು ಅನುಭವ ಪತ್ರದಲ್ಲಿ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ನಿಮ್ಮ ಹುದ್ದೆ, ವಾರ್ಡು, ಸೇರಿದ ಮತ್ತು ಬಿಟ್ಟ ದಿನಾಂಕ, ಸಹಿ, ಸೀಲು ಇರಲಿ. "ಸುಮಾರು ಒಂದು ವರ್ಷ" ಎಂದು ಬರೆದುಕೊಟ್ಟರೆ ವಾಪಸ್ ಕೊಟ್ಟು ತಿದ್ದಿಸಿಕೊಳ್ಳಿ. ಬಾಂಡ್ ಬರೆದುಕೊಟ್ಟಿದ್ದರೆ ಅದರ ಅವಧಿ, ನೋಟಿಸ್ ದಿನಗಳನ್ನು ಇವತ್ತೇ ಓದಿ. ಕಾಲೇಜು ಶುರುವಾಗುವ ವಾರ ರಿಲೀವಿಂಗ್ ಲೆಟರ್‌ಗೆ ಅಲೆಯುವುದು ತಪ್ಪುತ್ತದೆ. ಸರ್ಕಾರಿ ಸೀಟು ಬೇಕಿದ್ದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದವನು. ಎಂ.ಎಸ್ಸಿ ಮಾಡಬಹುದೇ? ಪೋಸ್ಟ್ ಬೇಸಿಕ್ ಬಿ.ಎಸ್ಸಿ ಆದ ಮೇಲೆ ಮತ್ತೆ ಒಂದು ವರ್ಷ ಕಾಯಬೇಕೆ?
— ಓದುಗ, ಯಲಹಂಕ

ಉತ್ತರ: ನೇರವಾಗಿ ಆಗದು, ನಡುವೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ (ಜಿಎನ್‌ಎಂ ಆದವರು ಓದುವ ಪದವಿ) ಆಗಬೇಕು. ಆದರೆ ಅದಕ್ಕೆ ಮುಂಚೆ ಮಾಡಿದ ಒಂದು ವರ್ಷದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಆ ಅನುಭವ ಪತ್ರ ಜೋಪಾನ.

ಪ್ರಶ್ನೆ: ಏಜೆಂಟರೊಬ್ಬರು "ನಾನ್-ಅಟೆಂಡಿಂಗ್" ಸೀಟು ಕೊಡಿಸುತ್ತೇನೆ, ಕೆಲಸ ಬಿಡುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು ಎನ್ನುತ್ತಾರೆ. ಒಪ್ಪಬಹುದೇ?
— ಓದುಗಿ, ಕೆ.ಆರ್. ಪುರ

ಉತ್ತರ: ಬೇಡ. ಎಂ.ಎಸ್ಸಿ ನರ್ಸಿಂಗ್ ಪೂರ್ಣಾವಧಿ ಕೋರ್ಸು. ಪರೀಕ್ಷೆಗೆ ಕೂರಲು 80% ಹಾಜರಿ ಬೇಕು, ಪದವಿ ಕೈಗೆ ಬರುವ ಮುನ್ನ ಪ್ರಾಕ್ಟಿಕಲ್ ಹಾಜರಿ 100% ಆಗಿರಬೇಕು. ಹಾಜರಿ ಪುಸ್ತಕದಲ್ಲಿ ಯಾರೋ ಗುರುತು ಹಾಕಬಹುದು. ಆದರೆ ಆ ಎರಡು ವರ್ಷ ಆಸ್ಪತ್ರೆಯಲ್ಲಿ ನಿಮ್ಮ ಪಿಎಫ್, ಸಂಬಳದ ಚೀಟಿ ಎಲ್ಲ ದಾಖಲಾಗುತ್ತಿರುತ್ತದೆ. ಮುಂದೆ ಬೋಧಕ ಹುದ್ದೆಗೋ ವಿದೇಶಕ್ಕೋ ದಾಖಲೆ ಪರಿಶೀಲನೆಯಾದಾಗ ಒಂದೇ ಅವಧಿಯಲ್ಲಿ ಎರಡು ಕಡೆ ಇದ್ದಿರಿ ಎಂದು ಕಾಣುತ್ತದೆ. ಆಗ ಪದವಿಯ ಜೊತೆ ಆ ಅನುಭವವೂ ಅನುಮಾನಕ್ಕೆ ಸಿಗುತ್ತದೆ, ಏಜೆಂಟ್ ಫೋನ್ ಎತ್ತುವುದಿಲ್ಲ.

ಸರಿಯಾದ ಕಾಲೇಜು ನೋಡುವಾಗಲೂ ಕಟ್ಟಡ ನೋಡಿ ಮರುಳಾಗಬೇಡಿ. ವಿಶ್ವವಿದ್ಯಾಲಯದ ಅನುಮತಿ ನೀವು ಸೇರುವ ವಿಶೇಷ ವಿಷಯಕ್ಕೇ ಇದೆಯೇ, ಎಷ್ಟು ಸೀಟಿಗೆ, ಆ ವಿಷಯದಲ್ಲಿ ಗೈಡ್ ಯಾರು, ಕ್ಲಿನಿಕಲ್‌ಗೆ ಯಾವ ಆಸ್ಪತ್ರೆ ಎಂದು ಕೇಳಿ. ಗೈಡ್ ನಡುವೆ ಬಿಟ್ಟುಹೋದರೆ ಡಿಸರ್ಟೇಷನ್ ಅಲ್ಲೇ ನಿಲ್ಲುತ್ತದೆ. ಹತ್ತನೇ ತರಗತಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ, ಯಾವ ದಾಖಲೆ ಯಾವ ದಿನ ಕೊಟ್ಟಿರಿ ಎಂದು ಸೀಲು ಹಾಕಿದ ಸ್ವೀಕೃತಿ ಬರೆಸಿಕೊಂಡ ಮೇಲೆಯೇ ಕೊಡಿ.