ಹಿನ್ನೀರಿಗೆ ಎಂಥ ಗಾಳ, ಎಂಥ ದೋಣಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ರಜಾದಿನಗಳಂದು ಗಾಳ ಹಾಕುವ ಆಸೆಯಿದೆ. ಇದುವರೆಗೆ ಬಿದಿರು ಕೋಲಿನಲ್ಲಿ ಕೆರೆಮೀನು ಹಿಡಿದದ್ದಷ್ಟೇ ಗೊತ್ತು. ಅಂಗಡಿಯವರು ಕಾರ್ಬನ್ ರಾಡ್, ಹೆಣೆದ ದಾರ ಮತ್ತು ದೊಡ್ಡ ರೀಲ್ ಸೇರಿದ ದುಬಾರಿ ಸೆಟ್ ತೋರಿಸುತ್ತಿದ್ದಾರೆ. ಅಷ್ಟೆಲ್ಲ ಬೇಕೇ?
— ಓದುಗರು, ಹಾಸನ

ಉತ್ತರ: ಬೇಕಿಲ್ಲ. ಯಾವ ಮೀನು ನೀರಿನ ಯಾವ ಮಟ್ಟದಲ್ಲಿ ಮೇಯುತ್ತದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ಖರೀದಿಯ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿರುವುದರಿಂದ ಅದು ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿರುತ್ತದೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕುತ್ತವೆ. ಒಂದೇ ಕೋಲಿನಲ್ಲಿ ಬೆಂಡನ್ನು ಮೇಲೆ ಕೆಳಗೆ ಸರಿಸಿ ಮೊದಲ ಎರಡಕ್ಕೂ, ಬೆಂಡನ್ನು ತೆಗೆದು ಸೀಸದ ಗುಂಡು ಕಟ್ಟಿ ತಳದ ಮೀನಿಗೂ ಗಾಳ ಹಾಕಬಹುದು. ಇವುಗಳಿಗೆ ರಾಗಿ ಹಿಟ್ಟು, ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಗಟ್ಟಿಯಾಗಿ ಕಲಸಿದ ಉಂಡೆಯೇ ಸಾಕು. ಬಣ್ಣದ ಪ್ಲಾಸ್ಟಿಕ್ ಮೀನುಗಳ ಡಬ್ಬಿಗೆ ಹಣ ಸುರಿಯುವ ಅಗತ್ಯವಿಲ್ಲ. ಕೊರವ ಮೀನಿನ ಮಾತು ಬೇರೆ. ಅದು ಬೇಟೆಯಾಡುವ ಮೀನಾದ್ದರಿಂದ ಜೊಂಡಿನ ಅಂಚಿನಲ್ಲಿ ರಬ್ಬರಿನ ಕಪ್ಪೆಗೆ ಎಗರುತ್ತದೆ. ಆದರೆ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡಲ್ಲಿ ಗಾಳ ಎಸೆಯಬೇಡಿ. ಕೆಳಗೆ ಕಾವಲಿರುವ ತಾಯಿತಂದೆ ಮೀನುಗಳನ್ನು ಹಿಡಿದರೆ ಆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.

ಕೋಲಿನ ವಿಷಯದಲ್ಲಿ ಹೊಸಬರಿಗೆ ಏಳು ಅಡಿಯ ಫೈಬರ್‌ಗ್ಲಾಸ್ ರಾಡ್ ಒಳ್ಳೆಯದು. ಅದು ತುಸು ಭಾರವಾದರೂ ಕಲ್ಲಿಗೆ ಬಡಿದರೆ, ಬೈಕಿನ ಮೇಲೆ ಸಾಗಿಸುವಾಗ ತಾಗಿದರೆ ಸುಲಭವಾಗಿ ಮುರಿಯುವುದಿಲ್ಲ. ಕಾರ್ಬನ್ ರಾಡ್ ಹಗುರವಾಗಿದ್ದು ಮೀನು ಮುಟ್ಟಿದ್ದನ್ನು ಬೇಗ ತಿಳಿಸುತ್ತದೆ, ನಿಜ. ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಗದ್ದೆ ತೋಟಗಳ ಮೇಲೆ ಜೋತುಬಿದ್ದ ತಂತಿಗಳಿರುವ ನಮ್ಮ ಕಡೆ, ಅದರಲ್ಲಿಯೂ ಗುಡುಗು ಸಿಡಿಲಿನ ಮುಂಗಾರುಪೂರ್ವ ಮಳೆಯ ದಿನಗಳಲ್ಲಿ, ಅಂಥ ಕೋಲನ್ನು ಎತ್ತಿ ಹಿಡಿದು ನಡೆಯುವುದು ಪ್ರಾಣಕ್ಕೆ ಎರವಾಗಬಹುದು. ಸಿಡಿಲಿನ ಹೊತ್ತಿನಲ್ಲಿ ಯಾವ ಕೋಲನ್ನೂ ಹಿಡಿದು ಬಯಲು ನೀರಿನ ದಡದಲ್ಲಿ ನಿಲ್ಲಬಾರದು.

ಹಣವನ್ನು ದಾರಕ್ಕೆ ಮತ್ತು ಗಾಳಕ್ಕೆ ಖರ್ಚು ಮಾಡಿ. ಹೆಣೆದ ದಾರ ತೆಳ್ಳಗಿದ್ದೂ ಬಲವಾಗಿರುತ್ತದೆ, ಆದರೆ ಹಿಗ್ಗುವುದಿಲ್ಲ. ಕಲ್ಲಿಗೆ, ಮುಳುಗಿದ ಬೊಡ್ಡೆಗೆ ಉಜ್ಜಿದರೆ ಬೇಗ ತುಂಡಾಗುತ್ತದೆ. ಹಿನ್ನೀರಿನ ತಳದಲ್ಲಿ ಹಳೆಯ ಮರದ ಬುಡ, ಬೇಲಿಕಂಬ, ಗೋಡೆಯ ಕಲ್ಲು ಏನಿದೆಯೋ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲವಾದ್ದರಿಂದ 0.30ರಿಂದ 0.35 ಮಿಲಿಮೀಟರ್ ದಪ್ಪದ ಒಂಟಿ ಎಳೆಯ ನೈಲಾನ್ ದಾರವನ್ನೇ ನಾನು ಸೂಚಿಸುತ್ತೇನೆ. ಗಂಟನ್ನು ಬಿಗಿಯುವ ಮುನ್ನ ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿಕೊಳ್ಳಿ. ಒಣಗಂಟನ್ನು ಎಳೆದಾಗ ಹುಟ್ಟುವ ಬಿಸಿಯಿಂದ ನೈಲಾನ್ ದುರ್ಬಲವಾಗಿ ಮೀನು ಜಗ್ಗಿದಾಗ ಅಲ್ಲಿಯೇ ಹರಿಯುತ್ತದೆ. ರೀಲ್ 3000 ಅಥವಾ 4000 ಅಳತೆಯದಿರಲಿ. ಮೀನು ಜಗ್ಗಿದಾಗ ಎಷ್ಟು ಬಲಕ್ಕೆ ದಾರ ಬಿಡಬೇಕೆಂದು ನಿಗದಿಮಾಡುವ ಅದರ ಡ್ರ್ಯಾಗ್ ತಿರುಪನ್ನು ದಾರದ ತಾಳಿಕೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗಕ್ಕೆ ಹೊಂದಿಸಬೇಕು. ಆರು ಕಿಲೋ ತಡೆಯುವ ದಾರವಾದರೆ, ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದಾಗ ಒಂದೂವರೆಯಿಂದ ಎರಡು ಕಿಲೋಗೆ ರೀಲ್ ದಾರ ಬಿಡತೊಡಗಬೇಕು. ದೊಡ್ಡ ಗೆಂಡೆ ಕಳೆದುಕೊಂಡೆವೆಂದು ಕೊರಗುವವರಲ್ಲಿ ಹೆಚ್ಚಿನವರು ಈ ತಿರುಪನ್ನು ಪೂರ್ತಿ ಬಿಗಿದಿಟ್ಟವರೇ ಆಗಿರುತ್ತಾರೆ.

ಪ್ರಶ್ನೆ: ನಾಲ್ಕನೇ ನಂಬರಿನ ಗಾಳ ಕೇಳಿದರೆ ಅಂಗಡಿಯಲ್ಲಿ ಒಮ್ಮೆ ಚಿಕ್ಕದನ್ನು, ಒಮ್ಮೆ ಹೆಬ್ಬೆರಳಿನಷ್ಟು ದೊಡ್ಡದನ್ನು ಕೊಡುತ್ತಾರೆ. ಯಾವುದು ಸರಿ?
— ಓದುಗರು, ಅರಕಲಗೂಡು

ಉತ್ತರ: ಎರಡೂ ಸರಿ. ಬರಿಯ ಅಂಕಿಯಿರುವ ಗಾಳಗಳಲ್ಲಿ ಅಂಕಿ ಹೆಚ್ಚಿದಷ್ಟೂ ಗಾಳ ಚಿಕ್ಕದಾಗುತ್ತದೆ. 10ಕ್ಕಿಂತ 4 ದೊಡ್ಡದು, 4ಕ್ಕಿಂತ 1 ದೊಡ್ಡದು. ಅಲ್ಲಿಂದ ಮುಂದಿನ ಅಳತೆಗಳನ್ನು 1/0, 2/0 ಎಂದು ಬರೆಯುತ್ತಾರೆ ಮತ್ತು ಅಲ್ಲಿ ಅಂಕಿಯೊಂದಿಗೆ ಗಾಳವೂ ದೊಡ್ಡದಾಗುತ್ತದೆ. ನಿಮಗೆ ಸಿಕ್ಕ ದೊಡ್ಡ ಗಾಳ 4/0 ಇರಬೇಕು. ಕಂಪೆನಿಯಿಂದ ಕಂಪೆನಿಗೆ ಅಳತೆ ಸ್ವಲ್ಪ ಬದಲಾಗುವುದರಿಂದ ಹಳೆಯ ಗಾಳವೊಂದನ್ನು ಜೊತೆಗೆ ಒಯ್ದು ಹೋಲಿಸಿ ಕೊಳ್ಳುವುದು ಲೇಸು.

ಪ್ರಶ್ನೆ: ನಮ್ಮ ಜಮೀನು ಹೇಮಾವತಿ ಹಿನ್ನೀರಿಗೆ ತಾಗಿದೆ. ಸ್ವಂತಕ್ಕೆ ಒಂದು ದೋಣಿ ಬೇಕು. ಹರಿಗೋಲು, ಫೈಬರ್ ದೋಣಿ, ಗಾಳಿ ತುಂಬುವ ರಬ್ಬರ್ ದೋಣಿ ಇವುಗಳಲ್ಲಿ ಯಾವುದು ಒಳ್ಳೆಯದು? ಬ್ಯಾಟರಿ ಮೋಟಾರ್ ಹಾಕಬಹುದೇ?
— ಓದುಗರು, ಆಲೂರು

ಉತ್ತರ: ನಿಂತ ನೀರಿನಲ್ಲಿ, ದಡದ ಹತ್ತಿರ, ಇಬ್ಬರ ಉಪಯೋಗಕ್ಕೆ ಹರಿಗೋಲಿಗಿಂತ ಅನುಕೂಲವಾದದ್ದು ನನಗೆ ಕಾಣುವುದಿಲ್ಲ. ಬಿದಿರಿನ ದಬ್ಬೆಗಳ ಹೆಣಿಗೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಒಬ್ಬರೇ ತಲೆಯ ಮೇಲೆ ಹೊತ್ತು ತರಬಹುದು, ಗೇಣುದ್ದ ನೀರಿನಲ್ಲಿಯೂ ತೇಲುತ್ತದೆ, ಬೊಡ್ಡೆ ತಾಗಿ ಹರಿದರೆ ಅದೇ ಸಂಜೆ ತೇಪೆ ಹಾಕಬಹುದು. ಅದಕ್ಕೆ ಮೂತಿಯೂ ಇಲ್ಲ, ತಳದಲ್ಲಿ ನಡುಪಟ್ಟಿಯೂ ಇಲ್ಲವಾದ್ದರಿಂದ ಗಾಳಿಗೆ ತಿರುಗಿ ತೇಲಿಹೋಗುತ್ತದೆ. ಆಷಾಢದ ಗಾಳಿಯಲ್ಲಿ ವಿಶಾಲ ನೀರಿಗೆ ಅದನ್ನು ಇಳಿಸಲೇಬಾರದು. ಹರಿಗೋಲಿನಲ್ಲಿ ಎದ್ದು ನಿಲ್ಲುವುದು, ಮೀನು ಬಂದಾಗ ಇಬ್ಬರೂ ಒಂದೇ ಕಡೆಗೆ ಬಾಗುವುದು ಮಗುಚುವುದಕ್ಕೆ ದಾರಿ.

ಫೈಬರ್ ದೋಣಿ ಬಹುಕಾಲ ಬಾಳುತ್ತದೆ, ಹುಟ್ಟು ಹಾಕಿದತ್ತ ನೇರವಾಗಿ ಸಾಗುತ್ತದೆ, ದೂರ ಹೋಗುವವರಿಗೆ ಅದೇ ಸರಿ. ಆದರೆ ಅದನ್ನು ದಡಕ್ಕೆ ಎಳೆಯಲು ಇಬ್ಬರು ಮೂವರು ಬೇಕು. ಹಳೆಯದನ್ನು ಕೊಳ್ಳುವಾಗ ತಳವನ್ನು ಬೆರಳಿನಿಂದ ತಟ್ಟಿ ನೋಡಿ, ಮಂದವಾದ ಸದ್ದು ಬರುವಲ್ಲಿ ಪದರ ಬಿಟ್ಟುಕೊಂಡಿರುತ್ತದೆ. ಗಾಳಿ ದೋಣಿಯನ್ನು ಬೊಡ್ಡೆಗಳಿರುವ ಹಿನ್ನೀರಿಗೆ ನಾನು ಒಪ್ಪುವುದಿಲ್ಲ. ಕೊಳ್ಳಲೇಬೇಕೆಂದಿದ್ದರೆ ಒಂದು ಕೋಣೆ ತೂತಾದರೂ ಉಳಿದವು ತೇಲಿಸುವಂತೆ ಬೇರೆ ಬೇರೆ ಗಾಳಿಕೋಣೆಗಳಿರುವುದನ್ನೇ ಆರಿಸಿ; ಈಜುಕೊಳದ ಆಟದ ದೋಣಿಗಳನ್ನು ಮಕ್ಕಳಿಗೇ ಬಿಡಿ.

ಬ್ಯಾಟರಿ ಮೋಟಾರ್ ಫೈಬರ್ ದೋಣಿಗೆ ಹೊಂದುತ್ತದೆ. ಎಣ್ಣೆ ನೀರಿಗೆ ಸೇರುವುದಿಲ್ಲ, ಸದ್ದೂ ಇಲ್ಲ. ಆದರೆ ಲೆಕ್ಕ ತಿಳಿದಿರಲಿ. 12 ವೋಲ್ಟಿನ, 55 ಪೌಂಡ್ ನೂಕುಬಲದ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ 100 ಆಂಪಿಯರ್-ಗಂಟೆಯ ಬ್ಯಾಟರಿ ಪೂರ್ಣ ವೇಗದಲ್ಲಿ ಒಂದು ಗಂಟೆಗಷ್ಟೇ ಒದಗುತ್ತದೆ. ನಿಧಾನವಾಗಿ ಓಡಿಸಿದರೆ ಬಹಳ ಹೊತ್ತು ಬರುತ್ತದೆ. ಕಾರಿನ ಬ್ಯಾಟರಿ ಈ ಕೆಲಸಕ್ಕಲ್ಲ, ಏಕೆಂದರೆ ಅದು ಕ್ಷಣಕಾಲ ಹೆಚ್ಚು ಶಕ್ತಿ ಕೊಡುವುದಕ್ಕೆ ಮಾಡಿದ್ದು. ಮೋಟಾರಿದ್ದರೂ ಹುಟ್ಟು ದೋಣಿಯಲ್ಲಿರಲಿ.

ದೋಣಿ ಯಾವುದೇ ಆಗಲಿ, ತೇಲುವ ಅಂಗಿಯನ್ನು ಮೊದಲು ಕೊಂಡುಕೊಳ್ಳಿ. ಅದರ ಒಳಗಿನ ಚೀಟಿಯಲ್ಲಿ 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ, ದಡದ ಸಮೀಪಕ್ಕೆ ಮಾತ್ರ. ಈಜು ಬಾರದವರಿಗೆ ಕನಿಷ್ಠ 100 ನ್ಯೂಟನ್ ಬೇಕು. ತೊಟ್ಟು ಪಟ್ಟಿ ಬಿಗಿದ ಮೇಲೆ ಬೇರೊಬ್ಬರು ಭುಜದ ಬಳಿ ಹಿಡಿದು ಮೇಲೆತ್ತಲಿ. ಅಂಗಿ ಕಿವಿಯವರೆಗೆ ಸರಿದರೆ ಅದು ನಿಮ್ಮ ಅಳತೆಯದಲ್ಲ. ಇನ್ನೊಂದು ಮಾತು: ಆಲೂರು, ಸಕಲೇಶಪುರದ ಕಡೆ ಕತ್ತಲಾದ ಮೇಲೆ ನೀರಿಗಿಳಿಯುವ ಆನೆಗಳಿರುವುದರಿಂದ ಅರಣ್ಯ ಇಲಾಖೆಯ ಆನೆ ಸಂಚಾರದ ಸಂದೇಶ ನೋಡದೆ ಮುಸ್ಸಂಜೆಯ ಗಾಳಕ್ಕೆ ಹೊರಡಬೇಡಿ.

ಪ್ರಶ್ನೆ: ಭದ್ರಾ ಮತ್ತು ತುಂಗಾ ನದಿಯಲ್ಲಿ ಗಾಳ ಹಾಕಲು ಅನುಮತಿ ಬೇಕೇ? ಮಳೆ ಹಿಡಿದಾಗ ಹತ್ತುಮೀನಿಗೆ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಡುವುದು ತಪ್ಪೇ?
— ಓದುಗರು, ಕೊಪ್ಪ

ಉತ್ತರ: ಜಾಗ ನೋಡಿ ಉತ್ತರ ಬದಲಾಗುತ್ತದೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನ್ವಯಿಸುವುದರಿಂದ ಅಲ್ಲಿ ಗಾಳ ಹಾಕುವಂತಿಲ್ಲ. ಶೃಂಗೇರಿಯ ತುಂಗಾ ತೀರದ ದೇವರ ಮೀನುಗಳನ್ನೂ, ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳನ್ನೂ ಹಿಡಿಯುವುದು ನಿಷಿದ್ಧ. ಉಳಿದ ನೀರಿಗೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯಿದೆಯಿದ್ದು, ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ ಪರವಾನಗಿ ಪಡೆಯಬೇಕು. ಕೆರೆಗಳನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅಲ್ಲಿನ ಮೀನು ಅವರು ಮರಿ ಬಿತ್ತಿ ಬೆಳೆಸಿದ್ದು, ಅವರನ್ನು ಕೇಳದೆ ಗಾಳ ಹಾಕುವುದು ಕಳವೇ ಸರಿ.

ಹತ್ತುಮೀನಿನ ವಿಷಯದಲ್ಲಿ ಮಲೆನಾಡಿನವರಿಗೆ ನನ್ನ ಮಾತು ರುಚಿಸಲಾರದು. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಮೀನುಗಳು ಹೊಟ್ಟೆ ತುಂಬ ಮೊಟ್ಟೆ ಹೊತ್ತಿರುತ್ತವೆ. ಹಳ್ಳದ ಪೂರ್ತಿ ಅಗಲಕ್ಕೆ ಒಡ್ಡು ಕಟ್ಟಿ ಒಂದೇ ಬಾಯಿಗೆ ಕೂಣಿ ಇಟ್ಟರೆ ಆ ವರ್ಷದ ಸಂತತಿಯೇ ಮಣ್ಣುಪಾಲಾಗುತ್ತದೆ. ಸಾರಿಗೆ ಸಾಲುವಷ್ಟು ಹಿಡಿಯುತ್ತಿದ್ದ ಕಾಲದ ರೂಢಿಯನ್ನು ಮಾರಾಟಕ್ಕೆ ಹಿಡಿಯುವವರು ತಮ್ಮ ಸಮರ್ಥನೆಗೆ ಬಳಸಬಾರದು.

ಪ್ರಶ್ನೆ: ಅಮೆರಿಕದ ಮಿನ್ನೆಸೋಟದಲ್ಲಿರುವ ಮಗಳ ಮನೆಗೆ ಜನವರಿಯಲ್ಲಿ ಹೋಗುತ್ತಿದ್ದೇವೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಕುಳಿತು ಮೀನು ಹಿಡಿಯಲು ಅಳಿಯ ಕರೆದಿದ್ದಾರೆ. ಇಲ್ಲಿಂದ ನನ್ನ ರಾಡ್ ಒಯ್ಯಬೇಕೇ? ಮಂಜುಗಡ್ಡೆ ಕುಸಿಯುವುದಿಲ್ಲವೇ?
— ಓದುಗರು, ಚಿಕ್ಕಮಗಳೂರು

ಉತ್ತರ: ರಾಡ್ ಇಲ್ಲಿಯೇ ಇರಲಿ. ಆರೇಳು ಇಂಚಿನ ತೂತಿನ ಪಕ್ಕದಲ್ಲಿಯೇ ಕುಳಿತು ದಾರ ಇಳಿಸಬೇಕಾದ್ದರಿಂದ ಅಲ್ಲಿ ಎರಡೂವರೆ ಅಡಿಯ ಮೋಟು ಕೋಲು ಬಳಸುತ್ತಾರೆ. ಜೊತೆಗೆ, ಮೀನು ಎಳೆದೊಡನೆ ಪುಟ್ಟ ಬಾವುಟ ಮೇಲೇಳುವ ಟಿಪ್-ಅಪ್ ಎಂಬ ಸಾಧನವನ್ನು ಇನ್ನೊಂದು ತೂತಿನ ಮೇಲಿಡುತ್ತಾರೆ. ಅಲ್ಲಿ ಮಂಜಿನ ಮೇಲೆ ಸಾಮಾನ್ಯವಾಗಿ ಒಬ್ಬರಿಗೆ ಎರಡು ದಾರಗಳಿಗೆ ಅವಕಾಶವಿದೆ. ಹೊರಗಿನಿಂದ ಬಂದವರೂ ಪರವಾನಗಿ ಪಡೆಯಬೇಕು. ತೂತು ಕೊರೆಯುವ ಬೈರಿಗೆ ಅಳಿಯಂದಿರ ಬಳಿ ಇರುತ್ತದೆ. ನೀರು ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರವಾಗಿ ತಳ ಸೇರುವುದರಿಂದ ಮೇಲೆ ಹೆಪ್ಪುಗಟ್ಟಿದ್ದರೂ ಕೆಳಗೆ ಮೀನು ಜೀವಂತವಾಗಿ ಓಡಾಡುತ್ತಿರುತ್ತದೆ. ಚಳಿಗೆ ಅದು ಹೆಚ್ಚು ಜಗ್ಗದು. ಆದ್ದರಿಂದ ತೆಳು ದಾರ, ಸಣ್ಣ ಗಾಳ.

ಮಂಜುಗಡ್ಡೆಯ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದೇ. ನಡೆದುಹೋಗಲು ಹೊಸದಾದ, ಪಾರದರ್ಶಕ ಮಂಜು ಕನಿಷ್ಠ ನಾಲ್ಕು ಇಂಚು ದಪ್ಪವಿರಬೇಕೆಂಬುದು ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ. ಹಿಮ ಬೆರೆತು ಬೆಳ್ಳಗಾದ ಮಂಜಿಗೆ ಅರ್ಧದಷ್ಟೇ ಬಲವಿರುವುದರಿಂದ ಅಲ್ಲಿ ಇಮ್ಮಡಿ ದಪ್ಪ ಬೇಕು. ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ನೀರು ಒಳಬರುವ ತೊರೆಯ ಬಾಯಲ್ಲಿ ತೆಳುವಾಗಿರುತ್ತದೆ. ಹಾರೆಯಂಥ ಸಲಾಕೆಯಿಂದ ಮುಂದಿನ ಮಂಜನ್ನು ಕುಟ್ಟಿ ನೋಡುತ್ತಾ ಹೆಜ್ಜೆಯಿಡುವುದು ಅಲ್ಲಿನವರ ಕ್ರಮ, ನೀವೂ ಅದನ್ನೇ ಅನುಸರಿಸಿ. ಮೊಳೆ ಹುದುಗಿಸಿದ ಎರಡು ಹಿಡಿಗಳನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿರಿ. ಕುಸಿದು ಬಿದ್ದರೆ ಬಂದ ದಾರಿಯ ಕಡೆಗೇ ತಿರುಗಿ, ಅವನ್ನು ಮಂಜಿಗೆ ನಾಟಿ, ಕಾಲು ಬಡಿಯುತ್ತಾ ಮೇಲೆ ಬಂದು, ಎದ್ದು ನಿಲ್ಲದೆ ಉರುಳಿಕೊಂಡು ದಡದತ್ತ ಸರಿಯಬೇಕು. ಚಪ್ಪಲಿಯಡಿಗೆ ಸಿಕ್ಕಿಸುವ ಮುಳ್ಳುಪಟ್ಟಿಯನ್ನು ಅಲ್ಲಿಯೇ ಕೊಂಡುಕೊಳ್ಳಿ, ಏಕೆಂದರೆ ನಿಮ್ಮ ವಯಸ್ಸಿನವರಿಗೆ ಕುಸಿಯುವುದಕ್ಕಿಂತ ಜಾರಿ ಬೀಳುವ ಸಂಭವವೇ ಹೆಚ್ಚು. ಡೇರೆಯೊಳಗೆ ಗ್ಯಾಸ್ ಒಲೆ ಹಚ್ಚಿದರೆ ಎರಡು ಕಡೆ ಕಿಂಡಿ ತೆರೆದಿಡಬೇಕು, ಕಾರ್ಬನ್ ಮಾನಾಕ್ಸೈಡ್ ಸೂಚಕವೂ ಇರಬೇಕು. ಆ ಅನಿಲಕ್ಕೆ ವಾಸನೆಯಿಲ್ಲ, ಮೊದಲು ಬರುವುದು ತಲೆನೋವು ಮತ್ತು ತೂಕಡಿಕೆ. ವಾಲೈ ಮತ್ತು ಪೈಕ್ ಮೀನುಗಳನ್ನು ಹಿಡಿಯಲು ಅವಕಾಶವಿರುವ ಕಾಲ ಅಲ್ಲಿನ ಹೆಚ್ಚಿನ ಕೆರೆಗಳಲ್ಲಿ ಫೆಬ್ರವರಿ ಕೊನೆಗೆ ಮುಗಿಯುವುದರಿಂದ ನೀವು ಹೋಗುವ ಜನವರಿ ಸರಿಯಾದ ಸಮಯ.