ಹೊಸ ಬದುಕಿಗೆ ಯಾವ ಊರು? ಮೊದಲು ಸರ್ಟಿಫಿಕೇಟು ತೆಗೆದಿಡಿ

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸ್, ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಐದು ವರ್ಷದ ಅನುಭವವಿದೆ. ಯಜಮಾನರು ಬಿ.ಕಾಂ., ಅವರ ಅಂಗಡಿ ನಷ್ಟದಲ್ಲಿ ಮುಚ್ಚಿತು. ಏಳು ಲಕ್ಷ ಸಾಲ ಬಾಕಿ ಇದೆ. ಮಗಳಿಗೆ ಐದು ವರ್ಷ. ಎಲ್ಲ ಬಿಟ್ಟು ಹೊರದೇಶದಲ್ಲಿ ಹೊಸದಾಗಿ ಶುರು ಮಾಡೋಣ ಅಂತಿದ್ದೇವೆ. ದುಬೈ ಒಳ್ಳೆಯದೋ, ಜರ್ಮನಿಯೋ?
— ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಮನೆಯಲ್ಲಿ ಹೊರದೇಶದ ಬಾಗಿಲು ತೆರೆಯುವುದು ನಿಮ್ಮ ನರ್ಸಿಂಗ್ ಸರ್ಟಿಫಿಕೇಟು. ಹಾಗಾಗಿ ನಿಮ್ಮ ಲೈಸೆನ್ಸ್ ಎಲ್ಲಿ ಸಿಗುತ್ತದೆ, ಎಷ್ಟು ಬೇಗ ಸಿಗುತ್ತದೆ ಎಂಬುದನ್ನು ಮೊದಲು ನೋಡಿ. ಯಜಮಾನರ ಕೆಲಸದ ಲೆಕ್ಕ ಆಮೇಲೆ ಬರಲಿ. ಕೆಲವು ಮನೆಗಳಲ್ಲಿ ಈ ಮಾತಿಗೆ ಮುಖ ಬಾಡುತ್ತದೆ, ಆದರೆ ವೀಸಾ ಕೊಡುವವರು ಅದನ್ನೆಲ್ಲ ಕೇಳುವುದಿಲ್ಲ.

ದುಬೈಯಲ್ಲಿ ಕೆಲಸ ಮಾಡಲು ಅಲ್ಲಿನ ಆರೋಗ್ಯ ಪ್ರಾಧಿಕಾರದ (ಡಿಎಚ್‌ಎ) ಲೈಸೆನ್ಸ್ ಬೇಕು. ಅಬುಧಾಬಿಗೆ ಅಲ್ಲಿನ ಆರೋಗ್ಯ ಇಲಾಖೆಯದ್ದು (ಡಿಒಎಚ್), ಶಾರ್ಜಾಕ್ಕೆ ಆರೋಗ್ಯ ಸಚಿವಾಲಯದ್ದು. ಯಾವ ಊರೆಂದು ಗಟ್ಟಿ ಮಾಡಿಕೊಂಡೇ ಪರೀಕ್ಷೆ ಕಟ್ಟಿ. ಪರೀಕ್ಷೆಗಿಂತ ಹೆಚ್ಚು ಜನ ಎಡವುವುದು ಡೇಟಾಫ್ಲೋ ಎಂಬ ದಾಖಲೆ ತಪಾಸಣೆಯಲ್ಲಿ. ಅವರು ನಿಮ್ಮ ವಿಶ್ವವಿದ್ಯಾಲಯಕ್ಕೆ, ನರ್ಸಿಂಗ್ ಕೌನ್ಸಿಲಿಗೆ, ಆಸ್ಪತ್ರೆಯ ಎಚ್‌ಆರ್‌ಗೆ ನೇರವಾಗಿ ಬರೆದು ಕೇಳುತ್ತಾರೆ. ಅನುಭವ ಪತ್ರದಲ್ಲಿರುವ ಸೇರಿದ ತಾರೀಕು, ಎಚ್‌ಆರ್ ದಾಖಲೆಯ ತಾರೀಕು ಬೇರೆ ಬೇರೆ ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ರಾಜೀನಾಮೆ ಕೊಡುವ ಮೊದಲೇ ಆ ಪತ್ರ ತೆಗೆದುಕೊಂಡು ತಾಳೆ ನೋಡಿ.

ಕಾಸರಗೋಡಿನ ಗಡಿಯವರಿಗೆ ಇನ್ನೊಂದು ತಲೆನೋವು ಉಂಟು. ಡಿಗ್ರಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ.ಯದ್ದಾದರೆ ಅದರ ಅಟೆಸ್ಟೇಶನ್ (ದೃಢೀಕರಣದ ಮುದ್ರೆ) ಕರ್ನಾಟಕ ಸರ್ಕಾರದ ಮೂಲಕ ಆಗಬೇಕು. ಎಸ್‌ಎಸ್‌ಎಲ್‌ಸಿ, ಮದುವೆ ಮತ್ತು ಜನನ ಪ್ರಮಾಣಪತ್ರಗಳು ಕೇರಳದವು, ಅವಕ್ಕೆ ಕೇರಳದ ದಾರಿ. ಅನಿವಾಸಿ ಕೇರಳೀಯರ ಇಲಾಖೆಯಾದ ನೋರ್ಕಾದ ಕಚೇರಿಗೆ ಎಲ್ಲವನ್ನೂ ಒಂದೇ ಕವರಿನಲ್ಲಿ ಹಿಡಿದುಕೊಂಡು ಹೋದರೆ ಅರ್ಧ ವಾಪಸ್ ತರಬೇಕಾಗುತ್ತದೆ. ಒಂದೇ ಮುದ್ರೆಯಲ್ಲಿ ದಾಖಲೆ ಒಪ್ಪುವ ಅಪೋಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ. ಹಾಗಾಗಿ ರಾಜ್ಯ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಹೀಗೆ ಸಾಲಾಗಿ ಮುದ್ರೆ ಬೀಳಬೇಕು. ಹೆಸರನ್ನೂ ನೋಡಿಕೊಳ್ಳಿ: ಎಸ್‌ಎಸ್‌ಎಲ್‌ಸಿಯಲ್ಲಿ ‘ಸವಿತಾ ಕೆ.’, ಡಿಗ್ರಿಯಲ್ಲಿ ‘ಸವಿತಾ ಕುಮಾರಿ’, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರೂ ಸೇರಿ ಮೂರನೆಯದೊಂದು ಎಂದಾದರೆ ಮುಂದೆ ಹೆಜ್ಜೆಹೆಜ್ಜೆಗೂ ತಡೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಮೂವರೂ ಒಬ್ಬರೇ ಎಂಬ ‘ಒನ್ ಆ್ಯಂಡ್ ಸೇಮ್’ ಸರ್ಟಿಫಿಕೇಟು ಸಿಗುತ್ತದೆ. ಆದರೆ ಹೊರದೇಶದಲ್ಲಿ ನಡೆಯುವುದು ಪಾಸ್‌ಪೋರ್ಟಿನ ಹೆಸರು, ಸಾಧ್ಯವಾದರೆ ಅದನ್ನೇ ಸರಿಮಾಡಿಸಿ.

ದುಬೈಯಲ್ಲಿ ಮೊದಲ ದಿನದ ಹೊಡೆತ ಮನೆಯದ್ದು. ಉದಾಹರಣೆಗೆ ವರ್ಷಕ್ಕೆ 60,000 ದಿರ್ಹಮ್ ಬಾಡಿಗೆಯ ಮನೆಯನ್ನು ನಾಲ್ಕು ಕಂತಿನ ಚೆಕ್‌ಗೆ ಹಿಡಿದಿರಿ ಎಂದುಕೊಳ್ಳಿ. ಮೊದಲ ಚೆಕ್ 15,000, ಶೇ. 5ರ ಡೆಪಾಸಿಟ್ 3,000, ಬ್ರೋಕರ್ ಕಮಿಷನ್ ವ್ಯಾಟ್ ಸೇರಿ 3,150, ಕರೆಂಟು-ನೀರಿನ ಡೆಪಾಸಿಟ್ 2,000. ಬೀಗದ ಕೈ ಸಿಗುವ ಮೊದಲೇ 23,150 ದಿರ್ಹಮ್ ಹೋಯಿತು. ಇದರ ಮೇಲೆ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ತಿಂಗಳಿಗೆ 250ರಂತೆ ಕರೆಂಟು ಬಿಲ್ಲಿನಲ್ಲೇ ಬರುತ್ತದೆ. ಇದನ್ನು ಏಜೆಂಟರು ಹೇಳುವುದೇ ಇಲ್ಲ. ಕುಟುಂಬ ಕರೆಸಲು ನಿಮ್ಮ ಸಂಬಳ ಕನಿಷ್ಠ 4,000 ದಿರ್ಹಮ್, ಇಲ್ಲವೇ 3,000 ಮತ್ತು ವಸತಿ ಇರಬೇಕು. ಆದರೆ 4,000ದಲ್ಲಿ ಮೂವರ ಸಂಸಾರ ನಡೆಯುವುದಿಲ್ಲ. ಮೊದಲು ನೀವೊಬ್ಬರೇ ಹೋಗಿ ಆಸ್ಪತ್ರೆಯ ವಸತಿಯಲ್ಲಿರಿ. ಯಜಮಾನರು ಅಷ್ಟರಲ್ಲಿ ಅಲ್ಲಿನ ಶೇ. 5ರ ವ್ಯಾಟ್, 2023ರಿಂದ ಬಂದ ಶೇ. 9ರ ಕಾರ್ಪೊರೇಟ್ ತೆರಿಗೆ, ಎರಡರ ಲೆಕ್ಕ ಕಲಿತರೆ ಬರೀ ಟ್ಯಾಲಿ ಗೊತ್ತಿರುವವರಿಗಿಂತ ಮುಂದಿರುತ್ತಾರೆ.

ಜರ್ಮನಿಗೆ ಕೇರಳದವರಿಗೆ ಇರುವ ಒಳ್ಳೆಯ ದಾರಿ ‘ಟ್ರಿಪಲ್ ವಿನ್’. ನೋರ್ಕಾ ರೂಟ್ಸ್ ಮತ್ತು ಜರ್ಮನ್ ಸರ್ಕಾರದ ಸಂಸ್ಥೆಗಳು ಸೇರಿ ನಡೆಸುವ ನರ್ಸ್ ನೇಮಕಾತಿ ಅದು. ನೀವು ಕೇರಳದ ನಿವಾಸಿ ಆದ್ದರಿಂದ ಅಧಿಸೂಚನೆ ಬಂದಾಗ ನೋಡಿ. ಇಲ್ಲಿಯೇ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಕಲಿಯಬೇಕು, ಅಲ್ಲಿ ಹೋಗಿ ಅದರ ಮೇಲಿನ ಬಿ2. ಡಿಗ್ರಿಗೆ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಹುದ್ದೆ, ಸಂಬಳವೂ ಕಡಿಮೆ.

ಊರು ಆರಿಸುವ ಅವಕಾಶ ಸಿಕ್ಕಿದರೆ ಮ್ಯೂನಿಕ್ ಬೇಡ. ನಗರಾಡಳಿತದ ಆಸ್ಪತ್ರೆಗಳಲ್ಲಿ ಸಂಬಳದ ಪಟ್ಟಿ ದೇಶಕ್ಕೆಲ್ಲ ಬಹುಮಟ್ಟಿಗೆ ಒಂದೇ, ಬಾಡಿಗೆ ಮಾತ್ರ ಊರಿಗೊಂದು. ಲೈಪ್‌ಜಿಗ್, ಕೆಮ್ನಿಟ್ಸ್ ಕಡೆ ಅದೇ ಸಂಬಳದಲ್ಲಿ ಕೈಯಲ್ಲಿ ಹೆಚ್ಚು ಉಳಿಯುತ್ತದೆ. ಜಾಹೀರಾತಿನಲ್ಲಿ ‘ಕಾಲ್ಟ್‌ಮೀಟ’ ಎಂದಿದ್ದರೆ ಅದು ಬರಿಯ ಬಾಡಿಗೆ. ಹೀಟಿಂಗ್, ನೀರು, ಕಸದ ಖರ್ಚು ಬೇರೆ. ಡೆಪಾಸಿಟ್ ಅದರ ಮೂರು ಪಟ್ಟಿನವರೆಗೆ ಕೇಳಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನಲ್ಲಿ. ಒಲೆ, ಸಿಂಕ್, ಕಪಾಟು ನೀವೇ ತರಬೇಕು.

ಮಗಳ ವಯಸ್ಸು ಜರ್ಮನಿಯ ಪರವಾಗಿದೆ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಆರರ ನಂತರ. ಒಂದನೇ ಕ್ಲಾಸಿಗೇ ಸೇರಿದ ಮಗು ಅಷ್ಟರೊಳಗೆ ಭಾಷೆ ಹಿಡಿಯುತ್ತದೆ, ಒಂಬತ್ತು ವರ್ಷಕ್ಕೆ ಹೋದ ಮಗು ಒದ್ದಾಡುತ್ತದೆ.

ಹಾಗಾಗಿ ಸಾಲ ಬ್ಯಾಂಕಿನದ್ದಾದರೆ, ಕಂತು ಮುಂದೂಡಿಸಿಕೊಂಡು ಜರ್ಮನಿ. ವಿಪರೀತ ಬಡ್ಡಿ ಹಾಕುವ ಬ್ಲೇಡಿನವರದ್ದಾದರೆ ಭಾಷೆ ಕಲಿಯುವಷ್ಟು ಪುರುಸೊತ್ತು ಬಡ್ಡಿ ಕೊಡುವುದಿಲ್ಲ, ಆಗ ದುಬೈ.

ಪ್ರಶ್ನೆ: ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ, ಎಸಿ ಮೆಕ್ಯಾನಿಕ್. ದಮ್ಮಾಮ್‌ಗೆ ‘ಫ್ರೀ ವೀಸಾ’ ಇದೆ, ಒಂದೂವರೆ ಲಕ್ಷ ಕೊಡು ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹೋಗಬಹುದಾ?
— ಓದುಗ, ಉಪ್ಪಳ

ಉತ್ತರ: ಬೇಡ. ಸೌದಿ ಕಾನೂನಿನಲ್ಲಿ ‘ಫ್ರೀ ವೀಸಾ’ ಎಂಬುದೇ ಇಲ್ಲ. ಕಾಗದದಲ್ಲಿ ಒಬ್ಬ ಕಫೀಲ್ (ವೀಸಾ ಕೊಡಿಸುವ ಮಾಲಕ), ಕೆಲಸ ಇನ್ನೊಬ್ಬರಲ್ಲಿ, ಅಷ್ಟೇ ಅದು. ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣ, ತಿಂಗಳಿಗೆ 700-800 ರಿಯಾಲ್‌ನ ಲೆವಿ, ಮಾಲಕ ಕಟ್ಟಬೇಕಾದ ಇವೆಲ್ಲ ನಿಮ್ಮ ತಲೆಗೇ ಬರುತ್ತವೆ. ಕಫೀಲ್‌ನಿಗೆ ಮನಸ್ಸು ಕೆಟ್ಟ ದಿನ ‘ಹುರೂಬ್’ ಹಾಕಿದರೆ ನೀವು ಓಡಿಹೋದವರ ಲೆಕ್ಕ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗದ್ದು. ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನ ಮೂಲಕ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕೇ ಬೇಕು. ಏಜೆಂಟರ ನೋಂದಣಿ ಸಂಖ್ಯೆಯನ್ನೂ ಅದೇ ಪೋರ್ಟಲಿನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಲೇಬೇಕು. ಹೋಗುವಾಗ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಎಂಬ ವಿಮೆ ಕಡ್ಡಾಯ. ಎರಡು ವರ್ಷದ ಕಂತು 275 ರೂಪಾಯಿ. ವಿಸಿಟ್ ವೀಸಾದಲ್ಲಿ ದಾಟಿಸುತ್ತೇನೆ ಎಂದವರಿಂದ ದೂರ ಇರಿ, ಆಗ ವಿಮೆಯೂ ಇಲ್ಲ, ಕರಾರೂ ಇಲ್ಲ.

ಪುರುಸೊತ್ತಿದ್ದರೆ ಕೇರಳದ ಸಾಕ್ಷರತಾ ಮಿಷನ್‌ನ ಹತ್ತನೇ ತರಗತಿ ತತ್ಸಮಾನ ಪರೀಕ್ಷೆ ಪಾಸಾಗಿ, ಪಾಸ್‌ಪೋರ್ಟಿನಿಂದ ಇಸಿಆರ್ ತೆಗೆಸಿಕೊಳ್ಳಿ.

ಪ್ರಶ್ನೆ: ನಾನು 39 ವರ್ಷದ ಮಹಿಳೆ, ಸಾಫ್ಟ್‌ವೇರ್ ಎಂಜಿನಿಯರ್. ವಿಚ್ಛೇದನವಾಗಿದೆ, ಒಂಬತ್ತು ವರ್ಷದ ಮಗ ನನ್ನ ಜೊತೆಗಿದ್ದಾನೆ. ಆಸ್ಟ್ರೇಲಿಯಾಕ್ಕೆ ಹೋಗಬೇಕೆಂದಿದ್ದೇನೆ. ಮೆಲ್ಬೋರ್ನ್ ಅಥವಾ ಅಡಿಲೇಡ್?
— ಓದುಗರು, ಕುಂಬಳೆ

ಉತ್ತರ: ಅಡಿಲೇಡ್. ಸಿಡ್ನಿ, ಮೆಲ್ಬೋರ್ನ್, ಬ್ರಿಸ್ಬೇನ್ ಬಿಟ್ಟು ಉಳಿದೆಲ್ಲ ಕಡೆ ‘ಪ್ರಾದೇಶಿಕ’ ವಲಯ. ಪರ್ತ್, ಅಡಿಲೇಡ್ ಅದರೊಳಗೇ ಬರುತ್ತವೆ. ನಿಮ್ಮಂಥವರಿಗೆ ವೀಸಾ ಸಿಗುವುದು ಅಂಕಗಳ ಲೆಕ್ಕದಲ್ಲಿ. ಪ್ರಾದೇಶಿಕ ವಲಯದ 491 ಎಂಬ ವೀಸಾಕ್ಕೆ ರಾಜ್ಯದ ನಾಮನಿರ್ದೇಶನ ಸಿಕ್ಕಿದರೆ 15 ಅಂಕ. ಐದು ವರ್ಷದ ವೀಸಾ ಅದು, ಮೂರು ವರ್ಷ ಅಲ್ಲೇ ಇದ್ದು ಆದಾಯದ ತೆರಿಗೆ ದಾಖಲೆ ತೋರಿಸಿದರೆ 191 ಎಂಬ ವೀಸಾದ ಮೂಲಕ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ಆದರೆ ನಿಮ್ಮ ಹತ್ತಿರ ಸಮಯ ಇಲ್ಲ. 33ರಿಂದ 39ರವರೆಗೆ ವಯಸ್ಸಿಗೆ 25 ಅಂಕ, 40 ತುಂಬಿದರೆ 15. ಲೆಕ್ಕ ಹಿಡಿಯುವುದು ವೀಸಾ ಅರ್ಜಿ ಹಾಕಲು ಆಹ್ವಾನ ಬಂದ ದಿನದ ವಯಸ್ಸನ್ನು, ನೀವು ಹೆಸರು ನೋಂದಾಯಿಸಿದ ದಿನದ್ದನ್ನಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ನಾಲ್ಕೂ ವಿಭಾಗಕ್ಕೆ 7 ಬಂದರೆ 10 ಅಂಕ, 8 ಬಂದರೆ 20. ಹೋಗುವ ಹತ್ತನ್ನು ಅಲ್ಲಿ ಗಳಿಸಿಕೊಳ್ಳಬಹುದು. ಸಂಗಾತಿ ಇಲ್ಲದ ಅರ್ಜಿದಾರರಿಗೆ 10 ಅಂಕ ಇರುವುದನ್ನೂ ಮರೆಯಬೇಡಿ. ಕನಿಷ್ಠ 65, ಆದರೆ ಐಟಿಯವರಿಗೆ ಅಷ್ಟಕ್ಕೇ ಆಹ್ವಾನ ಬರುತ್ತದೆಂದು ಕಾಯಬೇಡಿ.

ಕಷ್ಟದ ಭಾಗ ಮಗನ ವೀಸಾ. ತಂದೆಯ ಸಹಿಯಿರುವ 1229 ನಮೂನೆಯ ಒಪ್ಪಿಗೆ, ಇಲ್ಲವೇ ಮಗನನ್ನು ಹೊರದೇಶಕ್ಕೆ ಕರೆದೊಯ್ಯಲು ಅನುಮತಿಸುವ ನ್ಯಾಯಾಲಯದ ಆದೇಶ ಬೇಕು. ವಿಚ್ಛೇದನದ ತೀರ್ಪಿನಲ್ಲಿ ‘ಮಗು ತಾಯಿಯ ಜೊತೆ ಇರತಕ್ಕದ್ದು, ತಂದೆ ತಿಂಗಳಿಗೊಮ್ಮೆ ನೋಡಬಹುದು’ ಎಂದಷ್ಟೇ ಇದ್ದರೆ ಅದು ಸಾಲದು. ತಂದೆ ಒಪ್ಪದಿದ್ದರೆ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಭೇಟಿಯ ಬದಲಿಗೆ ವೀಡಿಯೊ ಕರೆ, ರಜೆಯಲ್ಲಿ ಊರಿಗೆ ಕರೆತರುವುದು ಇಂಥ ಏರ್ಪಾಡನ್ನು ನೀವೇ ಮುಂದಿಟ್ಟು ಕೇಳಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುವುದರಿಂದ ವೀಸಾಕ್ಕೆ ಬೇಕಾದ ಸ್ಕಿಲ್ ಅಸೆಸ್‌ಮೆಂಟಿಗೆ (ಕೌಶಲದ ಮೌಲ್ಯಮಾಪನಕ್ಕೆ) ದುಡ್ಡು ಕಟ್ಟುವ ವಾರವೇ ವಕೀಲರನ್ನೂ ಕಾಣಿ.