ಅಮ್ಮನ ಜೊತೆ ರೋಮ್‌ಗೆ ಎರಡೂವರೆ ದಿನ: ಏನು ನೋಡೋದು, ಏನು ಬಿಡೋದು?

ಶುಕ್ರವಾರ ಮಧ್ಯಾಹ್ನ ಇಳಿದು ಭಾನುವಾರ ರಾತ್ರಿ ವಾಪಸ್. ಜೊತೆಗೆ ಅಮ್ಮ, ಇಬ್ಬರೂ ಸಸ್ಯಾಹಾರಿಗಳು. ಇದರ ಮಧ್ಯೆ ಪೀಸಾಗೂ ಹೋಗಿಬರಬಹುದಾ ಅಂತ ಕೇಳಿದ್ದೀರಿ.

ಪೀಸಾ ಬಿಟ್ಟುಬಿಡಿ. ರೈಲಿನಲ್ಲಿ ಹೋಗೋಕೆ ಎರಡೂವರೆ ಮೂರು ಗಂಟೆ, ಬರೋಕೂ ಅಷ್ಟೇ. ವಾಲಿದ ಗೋಪುರದ ಮುಂದೆ ಒಂದು ಫೋಟೋಗೋಸ್ಕರ ಇಡೀ ದಿನ ಕಳೆಯುವುದು ನನಗಂತೂ ಸರಿ ಕಾಣಲ್ಲ.

ಮುಂಗಡ ಟಿಕೆಟ್ ಎರಡಕ್ಕೆ ಮಾತ್ರ ಮಾಡಿಸಿ. ವ್ಯಾಟಿಕನ್ ಮ್ಯೂಸಿಯಂ ಶನಿವಾರ ಬೆಳಿಗ್ಗೆ ಇರಲಿ, ಭಾನುವಾರ ಅದಕ್ಕೆ ರಜೆ. (ತಿಂಗಳ ಕೊನೆಯ ಭಾನುವಾರ ಪುಕ್ಕಟೆ ಬಿಡ್ತಾರೆ, ಆ ನೂಕುನುಗ್ಗಲು ಅಮ್ಮನಿಗೆ ಬೇಡ.) ಮೈಕೆಲ್ಯಾಂಜೆಲೊನ ಚಾವಣಿ ಚಿತ್ರಗಳಿರುವ ಸಿಸ್ಟೀನ್ ಚಾಪೆಲ್ ಬರೋದು ಕೊನೆಗೆ, ಮೊದಲ ಕೋಣೆಗಳಲ್ಲೇ ಸುಸ್ತಾಗಬೇಡಿ. ಸೇಂಟ್ ಪೀಟರ್ಸ್ ಬಸಿಲಿಕಾ ಎಂಬ ದೊಡ್ಡ ಚರ್ಚ್‌ಗೆ ಟಿಕೆಟ್ ಇಲ್ಲ, ತಪಾಸಣೆಯ ಕ್ಯೂ ಮಾತ್ರ ಉದ್ದ. ಭುಜ, ಮಂಡಿ ಮುಚ್ಚಿರಬೇಕು. ಅಮ್ಮ ಸೀರೆ ಉಟ್ಟಿದ್ದರೆ ಚಿಂತೆಯಿಲ್ಲ, ನೀವು ಚಡ್ಡಿಯಲ್ಲಿ ಹೋಗಬೇಡಿ.

ಕೊಲೋಸಿಯಂ ಭಾನುವಾರ ಬೆಳಿಗ್ಗೆ. ಟಿಕೆಟ್ ಮೇಲೆ ಹೆಸರಿರುತ್ತೆ, ಪಾಸ್‌ಪೋರ್ಟ್ ಜೊತೆಗಿರಲಿ. ಅದೇ ಟಿಕೆಟ್‌ನಲ್ಲಿ ಪಕ್ಕದ ರೋಮನ್ ಫೋರಂ, ಅಂದರೆ ಹಳೇ ರೋಮ್‌ನ ಅವಶೇಷಗಳು ಕೂಡ ಬರುತ್ತೆ. ತಿಂಗಳ ಮೊದಲ ಭಾನುವಾರವಾದರೆ ಪ್ರವೇಶ ಉಚಿತ, ಹಾಗಾಗಿ ಜನವೋ ಜನ. ಆಗ ಅದನ್ನು ಶನಿವಾರ ಮಧ್ಯಾಹ್ನಕ್ಕೆ ತಳ್ಳಿ.

ಇನ್ನು ಶುಕ್ರವಾರ ಸಂಜೆ. ನನ್ನ ಪ್ರಕಾರ ರೋಮ್ ಅಂದರೆ ಇದೇ. ಫ್ಯೂಮಿಚೀನೋ ಏರ್‌ಪೋರ್ಟ್‌ನಿಂದ ಟೆರ್ಮಿನಿ ಸ್ಟೇಷನ್‌ಗೆ ನೇರ ರೈಲಿದೆ, ಅರ್ಧ ಗಂಟೆಯ ದಾರಿ. ರೂಮಿನಲ್ಲಿ ಬ್ಯಾಗ್ ಇಟ್ಟು ಪ್ಯಾಂಥಿಯನ್‌ಗೆ ಹೊರಡಿ. ಸುಮಾರು 1900 ವರ್ಷ ಹಳೆಯ ಕಟ್ಟಡ. ಗುಮ್ಮಟದ ನೆತ್ತಿಯಲ್ಲಿ ದೊಡ್ಡ ತೂತು, ಮಳೆ ಬಂದರೆ ಒಳಗೇ ಸುರಿಯುತ್ತೆ. ನೀರು ಹರಿದುಹೋಗಲು ನೆಲದಲ್ಲಿ ಸಣ್ಣ ರಂಧ್ರಗಳಿವೆ, ಹುಡುಕಿ ನೋಡಿ. 2023ರಿಂದ ಇದಕ್ಕೂ ಟಿಕೆಟ್ ಇದೆ.

ಅಲ್ಲಿಂದ ನಾವೋನಾ ಚೌಕಕ್ಕೆ ಹೋಗುವ ದಾರಿಯಲ್ಲೇ ಸಾನ್ ಲುಯಿಜಿ ದೆಯಿ ಫ್ರಾಂಚೇಸಿ ಚರ್ಚ್ ಸಿಗುತ್ತೆ. ಎಡಗಡೆಯ ಕೊನೆಯ ಮೂಲೆಯಲ್ಲಿ ಇಟಲಿಯ ಹೆಸರಾಂತ ಚಿತ್ರಕಾರ ಕಾರವಾಜ್ಜೋ ಬರೆದ ಮೂರು ಚಿತ್ರಗಳಿವೆ. ಕತ್ತಲಿದ್ದರೆ ಪಕ್ಕದ ಡಬ್ಬಿಗೆ ನಾಣ್ಯ ಹಾಕಿ, ದೀಪ ಹತ್ತುತ್ತೆ. ಒಂದು ಚಿತ್ರದಲ್ಲಿ ತೆರಿಗೆ ವಸೂಲಿ ಮಾಡುವ ಮ್ಯಾಥ್ಯೂ (ಮುಂದೆ ಕ್ರಿಸ್ತನ ಶಿಷ್ಯನಾಗುವವನು) ಮೇಜಿನ ಮುಂದೆ ಕೂತಿದ್ದಾನೆ, ಬಲಗಡೆಯಿಂದ ಕ್ರಿಸ್ತ ಕೈ ಚಾಚಿ ಕರೀತಿದ್ದಾನೆ. ಪಕ್ಕದ ಹುಡುಗ ತಲೆಯನ್ನೂ ಎತ್ತದೆ ದುಡ್ಡು ಎಣಿಸ್ತಾ ಇದ್ದಾನೆ! ದೀಪ ಆರಿದರೆ ಇನ್ನೊಂದು ನಾಣ್ಯ. ಮ್ಯೂಸಿಯಂ ಕ್ಯೂನಲ್ಲಿ ಗಂಟೆಗಟ್ಟಲೆ ನಿಂತರೂ ಇಷ್ಟು ಹತ್ತಿರದಿಂದ, ಪುಕ್ಕಟೆಯಾಗಿ ಇಂಥದ್ದು ಸಿಗಲ್ಲ. ಆದರೆ ಇಂಥ ಚರ್ಚ್‌ಗಳು ಮಧ್ಯಾಹ್ನ ಒಂದಷ್ಟು ಹೊತ್ತು ಮುಚ್ಚಿರುತ್ತವೆ. ಟ್ರೆವಿ ಕಾರಂಜಿ ಊಟ ಆದ ಮೇಲೂ ನೋಡಬಹುದು.

ಊಟಕ್ಕೆ ತೊಂದರೆಯಿಲ್ಲ. ಪಿಜ್ಜಾ ಅಲ್ ತಾಲ್ಯೋ ಅಂಗಡಿಗಳಲ್ಲಿ ಬೇಕಾದಷ್ಟು ಕತ್ತರಿಸಿ ತೂಕ ಹಾಕಿ ಕೊಡ್ತಾರೆ. ಮೋಸ ಹೋಗೋದು ಕರಿದ ತಿಂಡಿಗಳಲ್ಲಿ. ಕುಂಬಳ ಜಾತಿಯ ಹೂವಿನ ಬಜ್ಜಿ ಒಳಗೆ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತೆ, ಸುಪ್ಲಿ ಎಂಬ ಅನ್ನದ ಉಂಡೆಯಲ್ಲಿ ಹೆಚ್ಚಾಗಿ ಮಾಂಸದ ಸಾಸ್. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ' ಅಂತ ಹೇಳಿ, ಮಾಂಸ ಮೀನು ಬೇಡ ಅಂತ. ಅಮ್ಮ ತುಂಬಾ ಮಡಿಯಾದರೆ ಪೆಕೊರಿನೋ ಚೀಸೂ ಬೇಡ, ಅದಕ್ಕೆ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕ್ತಾರೆ. ಚೀಸ್ ಇಲ್ಲದ ಮರಿನಾರಾ ಪಿಜ್ಜಾ ಇದೆಯಲ್ಲ.

ನೀರಿನ ಬಾಟಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ನಜೋನೆ ಎಂಬ ಎರಕದ ಕಬ್ಬಿಣದ ನಲ್ಲಿಗಳು ಹರಿಯುತ್ತಲೇ ಇರುತ್ತವೆ, ಒಳ್ಳೆ ಕುಡಿಯುವ ನೀರು. ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ಚಿಮ್ಮುತ್ತೆ, ಬಗ್ಗದೇ ಕುಡಿಯಬಹುದು. ರಸ್ತೆಗೆಲ್ಲಾ ಉಬ್ಬುತಗ್ಗಿನ ಕಲ್ಲು ಹಾಸಿದ್ದಾರೆ, ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಟೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸಿನಲ್ಲಿ ಜೇಬುಗಳ್ಳರಿರುತ್ತಾರೆ, ಪರ್ಸ್ ಮೇಲೆ ಕೈಯಿಟ್ಟುಕೊಂಡೇ ನಿಲ್ಲಿ.